ಟೀಚರ್ ಕಿವಿಗೆ ಬೀಳದ ಪ್ರಶ್ನೆಗಳು

ಹಲಗೆಯ ಮೇಲೆ ಒಂದು ಬಾಣ ಎಳೆದು "ಇದನ್ನ ನೋಡಿ" ಎಂದೆ. ಹೇಳಿದ ಮೇಲೆ ನನ್ನ ಕೈ ಅಲ್ಲೇ ನಿಂತಿತು. ಎದುರಿಗೆ ಕುಳಿತಿದ್ದವರಿಗೆ ಕಣ್ಣು ಕಾಣುತ್ತಿರಲಿಲ್ಲ.

"ಪರವಾಗಿಲ್ರಿ ಸರ್, ಎಲ್ಲಾರೂ ಹಂಗ ಅಂತಾರ. ಮುಂದ ಹೇಳ್ರಿ" ಎಂದರು ಅವರು.

ಯಲಹಂಕದಲ್ಲಿ, ಒಂದು ಟೈಲರಿಂಗ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಡೆಯುವ ಕೋಚಿಂಗ್ ಸೆಂಟರಿನಲ್ಲಿ ನಾನು ತರ್ಕ ಕಲಿಸುತ್ತೇನೆ. ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಗೆ ಬರುವವರು ಹೆಚ್ಚು ಹೆದರುವುದು ನನ್ನ ವಿಭಾಗಕ್ಕೆ. ಅದರಲ್ಲೂ 'ಹೀಗಾದರೆ ಹಾಗಾಗುತ್ತದೆ' ಎಂಬ ಷರತ್ತಿನ ಪ್ರಶ್ನೆಗಳಿಗೆ. ಐದಾರು ಜನರ ಹೆಸರು ಕೊಟ್ಟು, ಇವರು ಬಂದರೆ ಅವರು ಬರುತ್ತಾರೆ, ಅವರು ಬಂದರೆ ಮತ್ತೊಬ್ಬರು ಬರುವುದಿಲ್ಲ ಎಂದು ನಾಲ್ಕಾರು ನಿಯಮ ಹೇಳಿ, ಕೊನೆಗೆ 'ಹಾಗಾದರೆ ಖಂಡಿತವಾಗಿ ನಿಜವಾದದ್ದು ಯಾವುದು' ಎಂದು ಕೇಳುತ್ತಾರೆ. ಇಷ್ಟು ವರ್ಷ ನಾನು ಕಲಿಸಿದ್ದೆಲ್ಲ ಒಂದೇ ವಿದ್ಯೆ: ಪ್ರತಿ ನಿಯಮವನ್ನೂ ಬಾಣ ಮಾಡು, ಬಾಣಗಳನ್ನು ಜೋಡಿಸು, ಕಣ್ಣಾಡಿಸು. ಕಣ್ಣಾಡಿಸು ಎಂಬುದೇ ನನ್ನ ಪಾಠದ ಅರ್ಧ ಭಾಗವಾಗಿತ್ತು.

ಬಂದವರು ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು. ವಿಜಯಪುರದ ಕಡೆಯವರು. ಗಂಡ ತುಮಕೂರು ರಸ್ತೆಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದು, ಮಾಕಳಿಯಲ್ಲಿ ಬಾಡಿಗೆ ಮನೆ. ಇಲ್ಲಿನ ಖಾಸಗಿ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಹೇಳುತ್ತಿದ್ದರು. ಕಣ್ಣಿನೊಳಗೆ ಒತ್ತಡ ಏರುವ ಕಾಯಿಲೆಗೆ ಎರಡು ಆಪರೇಷನ್ ಆಗಿ, ಎರಡನೆಯದರ ನಂತರ ಉಳಿದಿದ್ದ ಮಸುಕು ಬೆಳಕೂ ಹೋಗಿತ್ತು. ಶಾಲೆಯವರು ರಾಜೀನಾಮೆ ಬರೆಸಿಕೊಂಡಿದ್ದರು. ಡಿಗ್ರಿ ಇದೆ, ಮಾತು ಬರುತ್ತದೆ, ಕಿವಿ ಚುರುಕಾಗಿದೆ, ವಕೀಲಿಕೆಯಾದರೆ ಮಾಡಬಹುದು ಎಂದು ಅವರೇ ಲೆಕ್ಕ ಹಾಕಿ ಬಂದಿದ್ದರು. ನಮ್ಮಲ್ಲಿ ಎಲ್ಲರೂ ಅವರನ್ನು ಟೀಚರ್ ಎಂದೇ ಕರೆದೆವು.

ಸೆಂಟರಿನ ಮಾಲೀಕರು ಇಲ್ಲಿನ ಹಳೆಯ ಒಕ್ಕಲು ಮನೆತನದವರು, ಕಟ್ಟಡವೂ ಅವರದೇ. "ಮದ್ಯಾನ ರೂಮು ಖಾಲಿ ಬಿದ್ದಿರ್ತದೆ, ಏಳ್ಕೊಡಿ ಮೇಷ್ಟ್ರೇ. ನಂದೇನೂ ಅಡ್ಡಿ ಇಲ್ಲ. ಆದ್ರೆ ಇದು ಆಗೋ ಕೆಲ್ಸಾನಾ?" ಎಂದರು. ಆಗುತ್ತದೆ ಎಂದು ಹೇಳುವ ಧೈರ್ಯ ನನಗೂ ಇರಲಿಲ್ಲ.

ಟೀಚರ್ ಗಂಡ ಹೆಚ್ಚು ಮಾತಿನವರಲ್ಲ. ಹೆಂಡತಿಯನ್ನು ಹಗಲು ಹೊತ್ತು ಕರೆತರಬೇಕೆಂದು ಕಾರ್ಖಾನೆಯಲ್ಲಿ ಕೇಳಿಕೊಂಡು ಬರೀ ರಾತ್ರಿ ಪಾಳಿ ಹಾಕಿಸಿಕೊಂಡಿದ್ದರು. ಬೈಕಿನಲ್ಲಿ ಅವರನ್ನು ಬಿಟ್ಟು, ಪಾಠ ಮುಗಿಯುವ ತನಕ ಕೆಳಗೆ ಮೆಟ್ಟಿಲ ಮೇಲೆ ಗೋಡೆಗೊರಗಿ ನಿದ್ದೆ ಮಾಡುತ್ತಿದ್ದರು.

ಮೊದಲ ವಾರಗಳಲ್ಲಿ ಎಲ್ಲವೂ ಬೇಗ ಬೇಗ ಸಾಗಿದಂತೆ ಕಂಡಿತು. ಒಂದೊಂದೇ ವಾಕ್ಯ ಕೊಟ್ಟರೆ ಟೀಚರ್ ತಪ್ಪು ಮಾಡುತ್ತಿರಲಿಲ್ಲ. 'ನ್ಯಾಯಾಧೀಶರು ಬಂದರೆ ಮಾತ್ರ ಗುಮಾಸ್ತ ಬರುತ್ತಾನೆ' ಎಂಬ ವಾಕ್ಯದಲ್ಲಿ ಹೊಸಬರೆಲ್ಲ ಜಾರಿ ಬೀಳುತ್ತಾರೆ. ನ್ಯಾಯಾಧೀಶರು ಬಂದ ಕೂಡಲೇ ಗುಮಾಸ್ತನೂ ಬಂದ ಎಂದುಕೊಳ್ಳುತ್ತಾರೆ. ವಾಕ್ಯ ಆ ಭರವಸೆ ಕೊಟ್ಟಿಲ್ಲ. ಗುಮಾಸ್ತ ಬಂದಿದ್ದಾನೆ ಎಂದು ತಿಳಿದರೆ ನ್ಯಾಯಾಧೀಶರು ಬಂದಿರಲೇಬೇಕು ಎಂದಷ್ಟೇ ಅದರ ಅರ್ಥ. 'ಮಾತ್ರ' ಎಂಬ ಒಂದು ಪದ ಬಾಣದ ದಿಕ್ಕನ್ನೇ ತಿರುಗಿಸುತ್ತದೆ. ಟೀಚರ್ ಇದನ್ನು ಎರಡನೆಯ ದಿನವೇ ಹಿಡಿದುಬಿಟ್ಟರು.

ಕಷ್ಟ ಶುರುವಾದದ್ದು ನಿಯಮಗಳು ಸಾಲಾಗಿ ಬಂದಾಗ. ಮೂರನೆಯದನ್ನು ಕೇಳುವಾಗ ಮೊದಲನೆಯದು ಜಾರುತ್ತಿತ್ತು. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಅವರ ಮುಖ ಬಿಗಿಯುತ್ತಿತ್ತು. ನಾನು ರಟ್ಟಿನ ಮೇಲೆ ದಪ್ಪ ದಾರ ಅಂಟಿಸಿ ಬಾಣ ಮಾಡಿ ಕೊಟ್ಟೆ. ಗುಂಡಿಗಳನ್ನು ಬಟ್ಟೆಗೆ ಹೊಲಿಸಿ ಒಂದೊಂದಕ್ಕೆ ಒಂದೊಂದು ಹೆಸರು ಇಟ್ಟೆ. ಅದು ಸ್ವಲ್ಪ ಕೆಲಸಕ್ಕೆ ಬಂತು. ಆದರೆ ಪರೀಕ್ಷೆಯ ನಿಯಮಾವಳಿ ಓದಿದಾಗ ಪ್ರವೇಶ ಪತ್ರ ಬಿಟ್ಟು ಬೇರೇನೂ ಒಳಗೆ ತರುವಂತಿಲ್ಲ ಎಂದಿತ್ತು. ಬ್ರೈಲ್ ಲಿಪಿಯನ್ನು ಅವರು ತಡವಾಗಿ ಕಲಿಯತೊಡಗಿದ್ದರು, ಅದರಲ್ಲಿ ವೇಗ ಇರಲಿಲ್ಲ. ಉಳಿದದ್ದು ಪ್ರಶ್ನೆ ಓದಿ ಹೇಳಿ, ಅವರು ಹೇಳಿದ ಉತ್ತರವನ್ನು ಗುರುತಿಸುವ ಸಹಾಯಕಿ ಮಾತ್ರ. ಪರೀಕ್ಷೆಯವರು ಇಂಥವರನ್ನು ಸ್ಕ್ರೈಬ್ ಎನ್ನುತ್ತಾರೆ. ಸ್ಕ್ರೈಬ್ ಓದಬೇಕು, ಗುರುತು ಹಾಕಬೇಕು, ವಿವರಿಸುವಂತಿಲ್ಲ. ಅಭ್ಯರ್ಥಿಗಿಂತ ಕಡಿಮೆ ಓದಿದವರಾಗಿರಬೇಕು ಎಂದೂ ನಿಯಮವಿತ್ತು.

ಕೆಳಗಿನ ಅಂಗಡಿಯ ಟೈಲರಮ್ಮ ಪಿಯುಸಿ ಮಾಡಿದ್ದರು. ಯಲಹಂಕ ಹಳೇ ಊರಿನವರು. ಕೇಳಿದಾಗ ಮೊದಲು ನಕ್ಕುಬಿಟ್ಟರು. "ನನ್ ಇಂಗ್ಲಿಷ್ ಕೇಳಿದ್ರೆ ಪಾಪ ಆಯಮ್ಮಂಗೆ ಇರೋ ಇಂಗ್ಲಿಷೂ ಮರ್ತೋಯ್ತದೆ ಸಾರ್" ಎಂದರು. ಆದರೂ ಮರುದಿನ ಮಧ್ಯಾಹ್ನ ಅಂಗಡಿಯ ಶಟರ್ ಅರ್ಧ ಎಳೆದು ಮೇಲೆ ಬಂದರು. ಒಂದೊಂದೇ ಪದವನ್ನು ಬೆರಳಿಟ್ಟು ಓದುತ್ತಿದ್ದರು. ನಿಧಾನ ಬಹಳವಾಯಿತು ಎಂಬ ಆತಂಕ ನನಗಿತ್ತು. ಟೀಚರ್ ಮಾತ್ರ "ಇರ್ಲಿ ಬಿಡ್ರಿ, ನನಗ ಹೊಂದತದ" ಎಂದರು.

'ಅನ್‌ಲೆಸ್' ಎಂಬ ಇಂಗ್ಲಿಷ್ ಪದಕ್ಕೆ ನಾವು ಬಂದ ದಿನ ಚೆನ್ನಾಗಿ ನೆನಪಿದೆ. ಅದು ಕಂಡಲ್ಲೆಲ್ಲ ಮನಸ್ಸಿನಲ್ಲಿ 'ಇಲ್ಲದಿದ್ದರೆ' ಎಂದು ಹಾಕಿಕೊಳ್ಳಿ ಎಂದೆ. ಮಳೆ ಬಾರದಿದ್ದರೆ ಆಟ ಇದೆ. "ಹಾಗಾದ್ರೆ ಮಳೆ ಬಂದ್ರೆ?" ಎಂದು ಕೇಳಿದೆ.

"ಆಟ ಇಲ್ಲ."

"ಹಾಗಂತ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ಮಳೆ ಬಂದ್ರ ಏನಂತ ಅವರು ಹೇಳೇ ಇಲ್ಲ."

"ಅಷ್ಟೇ. ಹೇಳಿಲ್ಲ ಅನ್ನೋದೇ ಉತ್ತರ."

ಟೀಚರ್, ಪಾಠಕ್ಕೆ ಸಂಬಂಧವೇ ಇಲ್ಲದ ಮಾತೆಂಬಂತೆ, ಮೆಲ್ಲಗೆ ಹೇಳಿದರು: "ನಮ್ಮ ಶಾಲಿ ಪ್ರಿನ್ಸಿಪಾಲ್ರು ನನಗ ಹೇಳಿದ್ರು, ಕಣ್ಣು ಸರಿಹೋಗ್ಲಿಲ್ಲ ಅಂದ್ರೆ ಇಟ್ಕೊಳ್ಳೋಕಾಗಲ್ಲಮ್ಮ ಅಂತ. ಸರಿಹೋದ್ರ ಇಟ್ಕೋತಾರ ಅಂತ ನಾ ತಿಳಕೊಂಡೆ. ಡಾಕ್ಟ್ರು ಬ್ಯಾಡ, ಇರೋ ಬೆಳಕೂ ಹೋಗಬಹುದು ಅಂದ್ರೂ ಎರಡನೇ ಆಪರೇಷನ್ ಮಾಡಿಸಿಕೊಂಡೆ. ಅವರು ಹಂಗ ಹೇಳೇ ಇರಲಿಲ್ಲ ನೋಡ್ರಿ."

ಟೈಲರಮ್ಮ ಪುಸ್ತಕ ಮಡಿಚಿದರು. ಮುಂದಿನ ಪ್ರಶ್ನೆ ಓದಿ ಎಂದೆ ನಾನು. ಆ ಗಳಿಗೆಯಲ್ಲಿ ಬೇರೆ ಏನು ಮಾಡಬಹುದಿತ್ತು ಎಂದು ಈಗಲೂ ತಿಳಿಯದು.

ಅದಾದ ಮೇಲೆ ಕೆಲವು ದಿನ ಟೀಚರ್ ಬರಲಿಲ್ಲ. ಫೋನ್ ಮಾಡಿದರೆ ಗಂಡ ಎತ್ತಿಕೊಂಡರು. ಅಬ್ಬಿಗೆರೆ ದಾಟುವಾಗ ಬೈಕ್ ಓಡಿಸುತ್ತಲೇ ಗಂಡನಿಗೆ ಕಣ್ಣು ಮುಚ್ಚಿಹೋಗಿತ್ತು. ಬೈಕ್ ಡಿವೈಡರಿಗೆ ಉಜ್ಜಿ ಇಬ್ಬರೂ ಬಿದ್ದಿದ್ದರು. ಭಾನುವಾರ ನಾನು ಮಾಕಳಿಗೆ ಹೋದೆ. ಗಂಡನ ಮೊಣಕೈಗೆ ಹೊಲಿಗೆ ಬಿದ್ದಿತ್ತು. ಟೀಚರ್ ಗಲ್ಲ ತರಚಿ ಬಾತುಕೊಂಡಿತ್ತು.

"ನಿದ್ದಿ ಹತ್ತಿಬಿಡ್ತ್ರಿ ಸರ್" ಎಂದರು ಗಂಡ, ತಲೆ ಎತ್ತದೆ. "ಹಿಂದಿನಿಂದ ಲಾರಿ ಬಂದಿದ್ರ ಇಬ್ಬರೂ ಇರತಿರಲಿಲ್ಲ. ಇದೊಂದು ಪರೀಕ್ಷಾ ಬರೀಲಿ. ಆಮ್ಯಾಲೆ ನನ್ನ ಕಡಿಂದ ಆಗಂಗಿಲ್ರಿ. ನಾ ಸಿಟ್ಟಿಲೇ ಹೇಳಾಕತ್ತಿಲ್ಲ."

ಸಿಟ್ಟಿರಲಿಲ್ಲ, ನಿಜ. ಆ ಮನುಷ್ಯನಲ್ಲಿ ಸಿಟ್ಟು ಮಾಡಿಕೊಳ್ಳುವಷ್ಟು ಶಕ್ತಿಯೂ ಉಳಿದಿರಲಿಲ್ಲ.

ಅವರು ಚಹಾ ಮಾಡಲು ಒಳಗೆ ಹೋದಾಗ ಟೀಚರ್ ಬಾಯಿಪಾಠ ಮಾಡಿದ್ದ ಒಂದು ಪ್ರಶ್ನೆಯನ್ನು ಒಪ್ಪಿಸಲು ಹೊರಟರು. ಎರಡನೆಯ ನಿಯಮಕ್ಕೇ ತಪ್ಪಿದರು. ತಪ್ಪಿದಾಗ ಅವರ ಎಡಗೈ ಹೆಬ್ಬೆರಳು ತಂತಾನೇ ತೋರುಬೆರಳನ್ನು ಒತ್ತುತ್ತಿದ್ದುದನ್ನು ಕಂಡೆ. ಮಗ್ಗಿ ಹೇಳುವ ಮಕ್ಕಳು ಬೆರಳು ಮಡಚುವ ಹಾಗೆ. ಇದೇನು ಮಾಡುತ್ತಿದ್ದೀರಿ ಎಂದು ಕೇಳಿದೆ. "ಏನಿಲ್ರಿ, ಸುಮ್ನ ರೂಢಿ" ಎಂದು ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

ಯಲಹಂಕಕ್ಕೆ ಮರಳುವ ಬಸ್ಸಿನಲ್ಲಿ ನಿರ್ಧಾರ ಮಾಡಿದೆ. ಪರೀಕ್ಷೆ ಹತ್ತಿರವಿತ್ತು. ಕಲಿಸಿದ್ದನ್ನೆಲ್ಲ ಬಿಸಾಡಿ ಮೊದಲಿನಿಂದ ಶುರುಮಾಡುವ ಸಮಯ ಅದಾಗಿರಲಿಲ್ಲ. ಆದರೆ ಬಾಣಗಳನ್ನು ಹಿಡಿದುಕೊಂಡು ಹೋದರೆ ಅವರು ಸೋಲುವುದು ಖಚಿತವಿತ್ತು.

ಅವರು ಮತ್ತೆ ಬಂದ ದಿನದಿಂದ ರಟ್ಟು, ದಾರ, ಗುಂಡಿ ಎಲ್ಲ ಹೊರಗೆ ಹೋದವು. ಎಡಗೈ ಎಂದರೆ ಬಂದವರು, ಬಲಗೈ ಎಂದರೆ ಬಾರದವರು. ಎರಡೂ ಕೈಯಲ್ಲಿ ಹೆಬ್ಬೆರಳು ಮೊದಲನೆಯ ವ್ಯಕ್ತಿ, ತೋರುಬೆರಳು ಎರಡನೆಯವರು, ಹೀಗೆ ಕಿರುಬೆರಳಿನ ತನಕ. ಆರನೆಯವರು ಇದ್ದರೆ ಮಣಿಕಟ್ಟು. ನಿಯಮ ಕೇಳಿದ ಕೂಡಲೇ ಎಲ್ಲಿಂದ ಹೊರಡುತ್ತದೋ ಆ ಬೆರಳನ್ನು ಮೇಜಿಗೆ ಒತ್ತಬೇಕು, ಎಲ್ಲಿಗೆ ಮುಟ್ಟುತ್ತದೋ ಆ ಬೆರಳನ್ನು ಆಮೇಲೆ ಒತ್ತಬೇಕು. ಅಲ್ಲಿಗೇ ನಿಲ್ಲದೆ, ಅದೇ ಉಸಿರಿನಲ್ಲಿ, ಕೈ ಬದಲಿಸಿ ಹಿಂದಿನಿಂದ ಮುಂದಕ್ಕೆ ಮತ್ತೊಮ್ಮೆ ಒತ್ತಬೇಕು. ಮೊದಲನೆಯವರು ಬಂದರೆ ಎರಡನೆಯವರು ಬರುತ್ತಾರೆ: ಎಡ ಹೆಬ್ಬೆರಳು, ಎಡ ತೋರುಬೆರಳು. ಎರಡನೆಯವರು ಬಾರದಿದ್ದರೆ ಮೊದಲನೆಯವರೂ ಇಲ್ಲ: ಬಲ ತೋರುಬೆರಳು, ಬಲ ಹೆಬ್ಬೆರಳು. ಹಲಗೆಯಲ್ಲಿ ಎಷ್ಟು ಸಲ ಬರೆದರೂ ಹುಡುಗರು ಮರೆಯುವ ಈ ತಿರುವು ಅವರ ಕೈಗೆ ಒಂದೇ ಮಧ್ಯಾಹ್ನದಲ್ಲಿ ಹತ್ತಿತು.

ಇನ್ನೊಂದನ್ನೂ ಬಿಟ್ಟೆವು. ಪ್ರಶ್ನೆ ಇಂಗ್ಲಿಷಿನಲ್ಲಿ ಬಂದರೂ ಯೋಚನೆ ಇಂಗ್ಲಿಷಿನಲ್ಲಿ ಬೇಡ ಎಂದೆ. ಅವರು ತಮ್ಮ ಮನೆಮಾತಿನಲ್ಲೇ ಗುನುಗತೊಡಗಿದರು: "ಪಿ ಬಂದ್ರ ಕ್ಯೂ ಬರಬೇಕು, ಕ್ಯೂ ಬರಲಿಲ್ಲಂದ್ರ ಪಿ ಇಲ್ಲ." ಟೈಲರಮ್ಮ ಪದ ಪದ ಓದುವುದು, ಟೀಚರ್ ಬೆರಳು ಒತ್ತುವುದು, ನಾನು ಬಾಯಿ ಮುಚ್ಚಿಕೊಂಡು ಕೂರುವುದು. ಮೂರು ವಾರ ಕಳೆಯುವಷ್ಟರಲ್ಲಿ ನಮ್ಮ ಬ್ಯಾಚಿನ ಒಳ್ಳೆಯ ವಿದ್ಯಾರ್ಥಿಗಳು ಬಿಡಿಸುವಷ್ಟು ಪ್ರಶ್ನೆಗಳನ್ನು ಅವರೂ ಬಿಡಿಸುತ್ತಿದ್ದರು. ಮಾಲೀಕರು ಒಂದು ದಿನ ಬಾಗಿಲಲ್ಲಿ ನಿಂತು ನೋಡಿ, "ಆರ್ಮೋನಿಯಂ ಬಾರಿಸ್ದಂಗೆ ಮಾಡ್ತಾರಲ್ಲ ಮೇಷ್ಟ್ರೇ" ಎಂದು ಹೋದರು.

ಪರೀಕ್ಷಾ ಕೇಂದ್ರ ಹೆಬ್ಬಾಳದ ಹತ್ತಿರದ ಒಂದು ಕಾಲೇಜು. ಟೈಲರಮ್ಮನ ಅಂಕಪಟ್ಟಿ, ಗುರುತಿನ ಚೀಟಿ ಎಲ್ಲವನ್ನೂ ಅರ್ಜಿಯ ಜೊತೆ ಕಳಿಸಿದ್ದೆವು. ತಲುಪಿದೆ ಎಂಬ ಉತ್ತರವೂ ಬಂದಿತ್ತು. ಗೇಟಿನ ಒಳಗೆ ಮೇಜು ಹಾಕಿಕೊಂಡಿದ್ದ ಮೇಲ್ವಿಚಾರಕರು ತಮ್ಮ ಪಟ್ಟಿ ನೋಡಿ ತಲೆಯಾಡಿಸಿದರು.

"ಇವರಿಗೆ ಕೇಂದ್ರದಿಂದಲೇ ಸ್ಕ್ರೈಬ್ ಅಂತ ಇದೆ. ಹೊರಗಿನವರನ್ನ ಬಿಡೋ ಹಾಗಿಲ್ಲ."

ನಾನು ಫೋನಿನಲ್ಲಿದ್ದ ಉತ್ತರ ತೋರಿಸಿದೆ. ಅವರು ಓದಿದರು. "ಸರಿ ಸರ್, ನಿಮಗೆ ಬಂದಿರಬಹುದು. ನನ್ನ ಪಟ್ಟೀಲಿ ಇಲ್ವಲ್ಲ" ಎಂದರು. ಮೇಲಿನವರಿಗೆ ಫೋನ್ ಹಚ್ಚಿದರು, ಯಾರೂ ಎತ್ತಲಿಲ್ಲ. ಒರಟು ಮನುಷ್ಯನೇನಲ್ಲ. ಟೀಚರ್‌ಗೆ ಕುರ್ಚಿ ತರಿಸಿ ಕೂರಿಸಿದರು. "ನೋಡಿ ಮೇಡಂ, ಕೇಂದ್ರದ ಸ್ಕ್ರೈಬ್‌ಗೆ ಒಪ್ಪಿಗೆ ಅಂತ ಒಂದು ಸಹಿ ಹಾಕಿದ್ರೆ ಒಳಗೆ ಕಳಿಸ್ತೀನಿ. ಇಲ್ಲಾಂದ್ರೆ ನನ್ನ ಕೈಯಲ್ಲಿ ಏನೂ ಇಲ್ಲ. ಗೇಟ್ ಮುಚ್ಚೋ ಹೊತ್ತಾಯ್ತು."

ಸಹಿ ಹಾಕಬೇಡಿ, ಜಗಳ ಆಡೋಣ ಎಂದೆ ನಾನು. ಟೈಲರಮ್ಮನೂ ದನಿ ಏರಿಸಿದರು: "ಇಂಗೆ ಮಾಡಿದ್ರೆ ಎಂಗೆ? ನಾವೇನು ಸುಮ್ನೆ ಬಂದಿದೀವಾ?" ಟೀಚರ್ ಗಂಡ ಹೆಂಡತಿಯ ಭುಜದ ಮೇಲೆ ಕೈಯಿಟ್ಟು ನಿಂತಿದ್ದರು.

"ಬಿಡ್ರಿ ಸರ್. ಜಗಳ ಗೆದ್ರೂ ಪರೀಕ್ಷಾ ಹೋಗತದ. ಎಲ್ಲಿ ಸಹಿ ಮಾಡ್ಲಿ?" ಎಂದರು ಟೀಚರ್. ಮೇಲ್ವಿಚಾರಕರೇ ಅವರ ಕೈಯನ್ನು ಕಾಗದದ ಮೇಲೆ ಸರಿಯಾದ ಜಾಗಕ್ಕೆ ತಂದಿಟ್ಟರು.

ನಾವು ಮೂವರೂ ಎದುರಿನ ಸರ್ವಿಸ್ ರಸ್ತೆಯ ಬದಿಯಲ್ಲಿ, ಮುಚ್ಚಿದ ಅಂಗಡಿಯೊಂದರ ಜಗಲಿಯಲ್ಲಿ ಕುಳಿತೆವು. ಮೇಲ್ಸೇತುವೆಯ ಮೇಲೆ ವಿಮಾನ ನಿಲ್ದಾಣದ ಕಡೆ ಹೋಗುವ ವಾಹನಗಳ ಸದ್ದು ಒಂದೇ ಸಮನೆ ಇತ್ತು. ಟೀಚರ್ ಗಂಡ ಆ ದಿನ ಮಾತ್ರ ನಿದ್ದೆ ಮಾಡಲಿಲ್ಲ.

ಉಳಿದವರೆಲ್ಲ ಹೋದ ಮೇಲೆ, ಹೆಚ್ಚುವರಿ ಸಮಯವೂ ಮುಗಿದು, ಅವರು ಹೊರಗೆ ಬಂದರು. ಏನಾಯಿತು ಎಂದು ನಾವು ಕೇಳುವ ಮೊದಲೇ ನೀರು ಕೇಳಿದರು. ಕುಡಿದು, ನಡೆದದ್ದನ್ನು ಒಂದೊಂದಾಗಿ ಹೇಳಿದರು.

ಸ್ಕ್ರೈಬ್ ಆಗಿ ಬಂದದ್ದು ಕಾಲೇಜು ಓದುತ್ತಿರುವ ಹುಡುಗಿ. ಚೆಂದದ ಇಂಗ್ಲಿಷ್, ಒಳ್ಳೆಯ ಮನಸ್ಸು, ಅವಸರ. ಬೇರೆ ವಿಭಾಗಗಳು ಹೇಗೋ ಮುಗಿದವು. ತರ್ಕದ ಪ್ರಶ್ನೆಗಳ ಮೊದಲ ಸೆಟ್ ಐದು ಸಾಕ್ಷಿಗಳದ್ದು: ಪಿ, ಕ್ಯೂ, ಆರ್, ಎಸ್, ಟಿ. ಯಾರನ್ನು ಕರೆಸಬೇಕು, ಯಾರನ್ನು ಬಿಡಬೇಕು ಎಂದು. ಹುಡುಗಿ ನಿಯಮ ಓದಿದಳು: ಕ್ಯೂ ಬಂದರೆ ಪಿ ಬರುತ್ತಾರೆ. ಕ್ಯೂ ಬಂದರೆ ಆರ್ ಬರುವುದಿಲ್ಲ. ಆರ್ ಬಾರದಿದ್ದರೆ ಎಸ್ ಬರುತ್ತಾರೆ. ಪ್ರಶ್ನೆ: ಪಿ ಬಂದರೆ, ಖಂಡಿತವಾಗಿ ನಿಜವಾದದ್ದು ಯಾವುದು?

"ಎಡ ಹೆಬ್ಬಟ್ಟು ಒತ್ತಿದೆ. ಅದು ಎಲ್ಲೂ ಹೋಗಲಿಲ್ರಿ" ಎಂದರು ಟೀಚರ್. "ಅಲ್ಲೇ ನಿಂತುಬಿಡ್ತು. ಪಿ ಬಂದ್ರ ಏನಾಗತದ ಅಂತ ಯಾವ ನಿಯಮದಾಗೂ ಇಲ್ಲ. ಮತ್ತ ಖಂಡಿತ ಯಾವುದು ಅಂತ ಯಾಕ ಕೇಳ್ತಾರ? ಕೇಳ್ಯಾರ ಅಂದ್ರ ಉತ್ತರ ಇರಲೇಬೇಕು. ಓದಿದ್ದರಾಗ ತಪ್ಪೈತಿ ಅಂತ ಗೊತ್ತಾತು. ಒಂದೊಂದ ಪದ ಓದವಾ ಅಂದೆ."

ಆಗ ಸಿಕ್ಕಿತು ಆ 'ಮಾತ್ರ'. ಕ್ಯೂ ಬಂದರೆ ಮಾತ್ರ ಪಿ ಬರುತ್ತಾರೆ ಎಂದಿತ್ತು ನಿಯಮ. ಹುಡುಗಿ ಇದ್ದದ್ದನ್ನು ಓದದೆ ತನಗೆ ತಿಳಿದ ಅರ್ಥವನ್ನು ಹೇಳಿದ್ದಳು. "ನಿಮಗೆ ಈಸಿ ಆಗ್ಲಿ ಅಂತ ಆಂಟಿ, ಟೈಮ್ ಉಳೀಲಿ ಅಂತ" ಎಂದಳಂತೆ. ಸರಿಯಾಗಿ ಓದಿಸಿಕೊಂಡ ಮೇಲೆ ಬೆರಳುಗಳು ಸರಸರನೆ ಎದ್ದವು: ಪಿ ಇದ್ದರೆ ಕ್ಯೂ, ಕ್ಯೂ ಇದ್ದರೆ ಆರ್ ಇಲ್ಲ, ಆರ್ ಇಲ್ಲದಿದ್ದರೆ ಎಸ್. ಎಸ್ ಬರುತ್ತಾರೆ. ಉತ್ತರ ಅದೇ.

ಆದರೆ ಆ ಹೊತ್ತಿಗೆ ನಂಬಿಕೆ ಹೋಗಿತ್ತು. ಅಲ್ಲಿಂದ ಮುಂದೆ ಟೀಚರ್ ಪ್ರತಿ ವಾಕ್ಯವನ್ನೂ ಎರಡೆರಡು ಸಲ, ಪದ ಬಿಡಿಸಿ ಓದಿಸಿದರು. ಹುಡುಗಿ ಬೇಸರಗೊಂಡು, ಕೊನೆಗೆ ಅಳು ದನಿಯಲ್ಲಿ ಓದತೊಡಗಿದಳು. ಕಿವಿಗೆ ಬಿದ್ದ ಪ್ರಶ್ನೆಗಳನ್ನೆಲ್ಲ ಟೀಚರ್ ಬಿಡಿಸಿದರು. ಕೊನೆಯ ಸೆಟ್ ಓದಲು ತೊಡಗುವಷ್ಟರಲ್ಲಿ ಗಂಟೆ ಹೊಡೆಯಿತು. ಅದರಲ್ಲಿ ನಾಲ್ಕು ಪ್ರಶ್ನೆಗಳಿದ್ದವು. ಅವು ಏನೆಂದು ಅವರ ಕಿವಿಗೇ ಬೀಳಲಿಲ್ಲ.

"ಅಂದಾಜಿಗೆ ಗುರುತು ಹಾಕಿಸ್ಬಹುದಿತ್ತಲ್ಲ?" ಎಂದೆ.

"ಹುಡುಗಿ ಕೇಳಿದ್ಲು. ತಪ್ಪಿದ್ರ ಅಂಕ ಕಡಿತಾರ. ಕೇಳದಿರೋ ಪ್ರಶ್ನಿಗೆ ಏನಂತ ಉತ್ತರ ಹೇಳ್ಲಿ?"

ಫಲಿತಾಂಶ ಬಂತು. ಸೀಟು ಸಿಗಲಿಲ್ಲ. ನಾನು ದೂರು ಬರೆದೆ. ಸ್ಕ್ರೈಬ್ ಬದಲಾದದ್ದು, ಓದಿದ್ದು ತಪ್ಪಾದದ್ದು ಎಲ್ಲವನ್ನೂ ವಿವರವಾಗಿ. ಅಭ್ಯರ್ಥಿಯು ಕೇಂದ್ರದ ಸ್ಕ್ರೈಬ್‌ಗೆ ಲಿಖಿತ ಒಪ್ಪಿಗೆ ನೀಡಿರುವುದರಿಂದ ಮರುಪರಿಶೀಲನೆಗೆ ಅವಕಾಶವಿಲ್ಲ ಎಂದು ಉತ್ತರ ಬಂತು. ಒಪ್ಪಿಗೆ ಕೊಡದಿದ್ದರೆ ಅವರು ಅಭ್ಯರ್ಥಿಯೇ ಆಗುತ್ತಿರಲಿಲ್ಲ, ಕೊಟ್ಟದ್ದರಿಂದ ದೂರು ಕೊಡುವಂತಿಲ್ಲ. ಇಷ್ಟು ವರ್ಷ ತರ್ಕ ಕಲಿಸಿದ ನನಗೆ ಅದನ್ನು ದಾಟುವ ದಾರಿ ಕಾಣಲಿಲ್ಲ. ವಕೀಲರೊಬ್ಬರನ್ನು ಕೇಳಿದೆ, ವರ್ಷಗಟ್ಟಲೆ ಆಗುತ್ತದೆ ಎಂದರು. ಟೀಚರ್ ಬೇಡವೆಂದರು.

ಪರೀಕ್ಷೆಯವರು ಪ್ರಶ್ನೆಪತ್ರಿಕೆ, ಉತ್ತರ ಹೊರಗೆ ಬಿಟ್ಟ ಮೇಲೆ ಟೀಚರ್ ತಾವೇ ಫೋನ್ ಮಾಡಿದರು. ಮುಂದಿನ ವಾರದಿಂದ ಗಂಡ ಹಗಲು ಪಾಳಿಗೆ ಹೋಗುತ್ತಾರೆ, ಆಮೇಲೆ ಯಲಹಂಕಕ್ಕೆ ಬರಲಾಗದು, ಇದೊಂದು ಮಧ್ಯಾಹ್ನ ಬರಲೇ ಎಂದು ಕೇಳಿದರು. ಬಂದು, ತಮ್ಮ ಮಾಮೂಲಿ ಕುರ್ಚಿಯಲ್ಲಿ ಕುಳಿತು, "ಆ ಕಡೀ ಸೆಟ್ ಓದಸ್ರಿ ಸರ್" ಎಂದರು.

ಟೈಲರಮ್ಮ ಓದಿದರು. ಟೀಚರ್ ಬೆರಳುಗಳು ಮೇಜಿನ ಮೇಲೆ ಏಳುತ್ತ ಬೀಳುತ್ತ ಇದ್ದವು. ನಾನು ಉತ್ತರಗಳನ್ನು ಹಿಡಿದು ಕುಳಿತಿದ್ದೆ. ಮೊದಲನೆಯದು ಸರಿ, ಎರಡನೆಯದು ಸರಿ. ಮೂರನೆಯದು ತಪ್ಪಿತು. ನಾಲ್ಕನೆಯದು ಸರಿ. ಹಾಗೆಂದು ಹೇಳಿದೆ.

"ಈ ಮೂರು ಬಂದಿದ್ರ ಸೀಟು ಸಿಗ್ತಿತ್ತೇನ್ರಿ?"

ಕೊನೆಯ ಸೀಟು ಎಷ್ಟು ಅಂಕಕ್ಕೆ ಹೋಯಿತು ಎಂದು ನನಗೆ ಗೊತ್ತಿತ್ತು. ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಈ ಕೋಣೆಯಲ್ಲಿ ಅವರಿಗೆ ಅಂಥ ಸುಳ್ಳು ಉತ್ತರವನ್ನು ನಾನು ಎಂದೂ ಕೊಟ್ಟಿರಲಿಲ್ಲ.

"ಸಿಗ್ತಿತ್ತು" ಎಂದೆ.

ಟೈಲರಮ್ಮ ನನ್ನ ಕಡೆ ಕೆಂಡದಂತೆ ನೋಡಿದರು. "ಯಾಕ್ ಸಾರ್ ಅದ್ನೆಲ್ಲ ಏಳ್ತೀರಾ?"

"ಹೇಳ್ಲಿ ಬಿಡು ಅಕ್ಕಾ" ಎಂದರು ಟೀಚರ್. ಅವರ ಮುಖದಲ್ಲಿ ಸಮಾಧಾನ ಇರಲಿಲ್ಲ, ದುಃಖ ಎನ್ನುವಂಥದ್ದೂ ಎದ್ದು ಕಾಣಲಿಲ್ಲ. ಎರಡೂ ಕೈಗಳನ್ನು ಮೇಜಿನ ಮೇಲೆ ಮತ್ತೆ ಅಗಲಿಸಿಟ್ಟುಕೊಂಡರು. ಕೆಳಗೆ ಗಂಡ ಬೈಕ್ ತಿರುಗಿಸುವ ಸದ್ದು ಕೇಳಿತು.

"ಮೂರನೇದು ಯಾಕ ತಪ್ಪಿತು? ಅದನ್ನ ಇನ್ನೊಮ್ಮಿ ಓದು."

ಟೈಲರಮ್ಮ ಕನ್ನಡಕ ಸರಿಮಾಡಿಕೊಂಡು, ಬೆರಳಿಟ್ಟು, ಮೊದಲ ಪದದಿಂದ ಓದತೊಡಗಿದರು.